ಫುಟ್‌ಪಾತಿನ ಮೇಲೆ ಹನ್ನೊಂದು ಜನ

ಅವನ ಕೆಲಸ ಏನೆಂದು ಕೇಳಿದವರು ಮೊದಲು ನಗುತ್ತಿದ್ದರು. ನಗರಸಭೆಯ ರಸ್ತೆ ವಿಭಾಗದಲ್ಲಿ ಅವನು ನಡೆಯುವವರನ್ನು ಎಣಿಸುವವನು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರಬೇಕು, ಅಂಗೈಯಲ್ಲಿ ಪುಟ್ಟದೊಂದು ಎಣಿಕೆ ಯಂತ್ರ. ಒಬ್ಬರು ಹಾದುಹೋದರೆ ಹೆಬ್ಬೆರಳಿಂದ ಒಂದು ಒತ್ತು, ಟಿಕ್. ಇಪ್ಪತ್ತೆರಡು ವರ್ಷದಿಂದ ಇದೇ. ಆಫೀಸಿನಲ್ಲಿ ಎಲ್ಲರಿಗೂ ಅವನು ಟಿಕ್ಕಣ್ಣ. ಸ್ವಂತ ಹೆಸರು ಅವನಿಗೇ ಮರೆತಿತ್ತೋ ಏನೋ!

ಎಣಿಕೆಯಲ್ಲಿ ಮಾತ್ರ ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಮೂತ್ರಕ್ಕೆ ಎದ್ದರೂ ಗಡಿಯಾರ ನೋಡಿ ಬರೆದಿಡುವ ಪ್ರಾಣಿ. ನಿಯಮದ ಹಾಳೆಯಲ್ಲಿ ದಪ್ಪಕ್ಷರದಲ್ಲಿತ್ತು: ಫುಟ್‌ಪಾತಿನ ಮೇಲೆ ನಡೆದವರನ್ನು ಮಾತ್ರ ಎಣಿಸತಕ್ಕದ್ದು, ರಸ್ತೆಗಿಳಿದವರು ಲೆಕ್ಕಕ್ಕಿಲ್ಲ. ಅವನಿಗೆ ಅದೇ ವೇದವಾಕ್ಯ.

ಆದರೆ ಫುಟ್‌ಪಾತ್ ಅಂತ ಯಾವುದಕ್ಕೆ ಅನ್ನೋಣ ಹೇಳಿ? ನಾಲ್ಕು ಚಪ್ಪಡಿ ಇದ್ದರೆ ಐದನೆಯದು ಮಾಯ, ಕೆಳಗೆ ಬಾಯಿ ತೆರೆದ ಚರಂಡಿ. ಅದನ್ನು ದಾಟಿದರೆ ಗೋಡೆಗೆ ನಿಂತು ಹುಯ್ದವರ ನಾತ, ಥೂ! ಮೂಗು ಮುಚ್ಚಿಕೊಂಡರೆ ಮುಂದೆ ನಿಲ್ಲಿಸಿದ ಬೈಕುಗಳ ಸಾಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನಿಜಕ್ಕೂ ನೆಲವೇ ಡೊಂಕು ಸ್ವಾಮಿ, ಕುಣಿಯುವುದಿರಲಿ ನಿಲ್ಲುವುದೂ ಕಷ್ಟ.

ಒಮ್ಮೆ ತರಬೇತಿಗೆಂದು ಟಿಕ್ಕಣ್ಣನನ್ನು ದೂರದ ಇನ್ನೊಂದು ನಗರಕ್ಕೆ ಕಳಿಸಿದ್ದರು. ಅಲ್ಲಿ ಅವನು ರಸ್ತೆ ದಾಟಲು ಒಂದು ಕಾಲು ಕೆಳಗಿಟ್ಟ ಕೂಡಲೇ ಎರಡೂ ಕಡೆಯ ಗಾಡಿಗಳು ನಿಂತುಬಿಟ್ಟವು. ಯಾರಿಗೋ ಏನೋ ಅನಾಹುತವಾಗಿದೆ ಅಂದುಕೊಂಡು ಈತ ಹೆದರಿ ವಾಪಸ್ ಓಡಿಬಂದ! ಊರಿಗೆ ಬಂದು ಅಕ್ಕನಿಗೆ ಹೇಳಿದರೆ ಅವಳು ನಂಬಲೇ ಇಲ್ಲ. "ಸುಮ್ನೆ ರೈಲು ಬಿಡ್ಬೇಡ ಕಣೋ" ಅಂದಳು.

ಈ ಅಕ್ಕನೇ ಅವನನ್ನು ಸಾಕಿದವಳು. ಈಗ ಅರವತ್ತೆಂಟು ದಾಟಿ, ಮಂಡಿ ಸವೆದು ಕೈಗೆ ಕೋಲು ಬಂದಿತ್ತು. ಆದರೂ ದಿನಾ ಹತ್ತು ಗಂಟೆಗೆ ಹೊರಟು ಮನೆ ಮುಂದಿನ ರಸ್ತೆಯ ತುದಿಯ ದರ್ಜಿ ಅಂಗಡಿಗೆ ನಡೆದು ಹೋಗಿ, ಗುಂಡಿ ಹಚ್ಚಿ ಬರುತ್ತಿದ್ದಳು. ಆ ರಸ್ತೆಯ ಫುಟ್‌ಪಾತು ಹಾಳೇ, ಆದರೂ ಬಸ್ಸು ನುಗ್ಗಿಬಂದರೆ ಹತ್ತಿ ನಿಲ್ಲಲು ಒಂದು ಆಸರೆ. ಈಗ ಅದನ್ನೂ ಕಿತ್ತು ರಸ್ತೆ ಅಗಲ ಮಾಡುವ ಯೋಜನೆ ಬಂತು. ಇಡೀ ದಿನ ನೂರು ಜನರೂ ಅದರ ಮೇಲೆ ನಡೆಯದಿದ್ದರೆ ಕಿತ್ತುಹಾಕಬಹುದು ಅಂತ ನಿಯಮ. ಎಣಿಸಲು ಬಂದವನು ಬೇರೆ ಯಾರು, ಟಿಕ್ಕಣ್ಣನೇ.

"ಅದು ಹೋದ್ರೆ ನಾನು ಮನೇಲೇ ಕೊಳೀಬೇಕು. ಸರಿಯಾಗಿ ಎಣ್ಸೋ" ಅಂದಳು ಅಕ್ಕ.

"ನಾನು ಯಾವತ್ತು ತಪ್ಪು ಎಣ್ಸಿದೀನಿ ಅಕ್ಕ?"

ಕುರ್ಚಿ ಹಾಕುವ ಜಾಗವನ್ನು ಇಂಜಿನಿಯರೇ ಬಂದು ತೋರಿಸಿದ. ಮೂರು ದೇಶ ಸುತ್ತಿ ಅಗಲವಾದ ಫುಟ್‌ಪಾತುಗಳ ಫೋಟೋ ತೆಗೆದು ಆಫೀಸಿನ ಗೋಡೆಗೆ ತೂಗುಹಾಕಿಕೊಂಡಿದ್ದ ಮಹಾನುಭಾವ. ತಾನು ಮಾತ್ರ ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಕಾರಿಗೆ. ಅವನು ತೋರಿಸಿದ್ದು ಸರಿಯಾಗಿ ಟ್ರಾನ್ಸ್‌ಫಾರ್ಮರಿನ ಎದುರು. ಅಲ್ಲಿ ಕಂಬಿಬೇಲಿಯೇ ಫುಟ್‌ಪಾತನ್ನೆಲ್ಲ ನುಂಗಿ ಗೇಣಗಲ ಬಿಟ್ಟಿತ್ತು. ಬಂದವರೆಲ್ಲ ಅಲ್ಲಿ ರಸ್ತೆಗಿಳಿದು, ಹತ್ತು ಹೆಜ್ಜೆ ಹೋಗಿ ಮತ್ತೆ ಮೇಲೆ ಹತ್ತುತ್ತಿದ್ದರು. ಟಿಕ್ಕಣ್ಣನಿಗೆ ಇದು ಕಾಣಲಿಲ್ಲವೇ? ಕಂಡಿತು. ಆದರೆ ಹಾಳೆ ಹೇಳಿದ ಮೇಲೆ ಮುಗಿಯಿತು. ನೂರಾರು ಜನ ಕಣ್ಣೆದುರೇ ಹೋದರು, ಹೆಬ್ಬೆರಳು ಅಲ್ಲಾಡಲಿಲ್ಲ.

ಹತ್ತೂಕಾಲಿಗೆ ಅಕ್ಕ ಬಂದಳು. ಕೋಲು ಊರಿ ಕೆಳಗಿಳಿದಳು. ಲಾರಿಯೊಂದು ಸೆರಗು ಸವರಿಕೊಂಡೇ ಹೋಯಿತು. ಮತ್ತೆ ಮೇಲೆ ಹತ್ತಿ ಏದುಸಿರು ಬಿಡುತ್ತ ನಕ್ಕಳು.

"ಎಣ್ಸ್ಕೊಂಡ್ಯೇನೋ ನನ್ನ?"

ಅವನು ಹೂಂ ಅಂತ ತಲೆಯಾಡಿಸಿದ. ಜೀವಮಾನದಲ್ಲಿ ಲೆಕ್ಕದ ವಿಷಯಕ್ಕೆ ಅವನು ಹೇಳಿದ ಒಂದೇ ಸುಳ್ಳು ಅದು.

ಸಂಜೆ ಯಂತ್ರದಲ್ಲಿ ಇದ್ದದ್ದು ಹನ್ನೊಂದು. ಬೇಲಿಗೆ ಮೈ ಉಜ್ಜಿಕೊಂಡು ನುಸುಳಿದ ಹತ್ತು ಸಣಕಲು ಹುಡುಗಿಯರು, ಹಗಲೇ ಕುಡಿದು ಬೇಲಿಗೆ ಆತುಕೊಂಡೇ ಹೋದ ಒಬ್ಬ. ಅವನು ಅದನ್ನೇ ಬರೆದು ಸಹಿ ಹಾಕಿದ.

ವಾರದ ನಂತರ ಬಡಾವಣೆಯವರ ಅಹವಾಲು ಕೇಳುವ ಸಭೆ. ಇಂಜಿನಿಯರು ವರದಿ ಓದಿದ, "ಇಡೀ ದಿನಕ್ಕೆ ಹನ್ನೊಂದೇ ಜನ. ಯಾರೂ ನಡೆಯದ ಫುಟ್‌ಪಾತ್ ಯಾರಿಗೆ ಬೇಕು?"

ಹಿಂದಿನ ಸಾಲಿನಲ್ಲಿ ಕೋಲು ಕುಟ್ಟಿದ ಸದ್ದಾಯಿತು. ಅಕ್ಕ ಎದ್ದು ನಿಂತಿದ್ದಳು. "ಯಾರ್ರೀ ಹೇಳಿದ್ದು ಹನ್ನೊಂದು ಅಂತ? ನನ್ನ ಹಿಂದೆ ಮುಂದೆನೇ ಐವತ್ತು ಜನ ಇದ್ರು. ನನ್ನ ತಮ್ಮನೇ ಎಣ್ಸಿದಾನೆ, ಅವನು ಸುಳ್ಳು ಹೇಳೋನಲ್ಲ. ಕೇಳಿ ಅವನನ್ನೇ!"

ಎಲ್ಲರೂ ತಿರುಗಿ ನೋಡಿದರು. ಗೋಡೆಗೆ ಒರಗಿದ್ದ ಟಿಕ್ಕಣ್ಣ ನೆಟ್ಟಗೆ ನಿಂತ. ಆರುನೂರು ಜನ ಹೋದರು, ನಿಯಮವೇ ಕುರುಡು ಅಂತ ಕಿರುಚಬೇಕೆನಿಸಿತು. ಆದರೆ ಬಾಯಿಂದ ಬಂದದ್ದು ಇಷ್ಟೇ:

"ನಿನ್ನ ಎಣ್ಸಿಲ್ಲ ಅಕ್ಕ. ನೀನು ರಸ್ತೆಗಿಳಿದಿದ್ದೆ."

"ಮತ್ತೆ ಎಲ್ಲಿ ಕಾಲಿಡ್ಲೋ, ನಿನ್ನ ತಲೆ ಮೇಲಾ?"

ಸಭೆ ಗೊಳ್ಳೆಂದು ನಕ್ಕಿತು. ಇಂಜಿನಿಯರು ಅವನ ಬೆನ್ನು ತಟ್ಟಿ, "ಸ್ವಂತ ಅಕ್ಕನಿಗೂ ರಿಯಾಯಿತಿ ಕೊಡದ ಪ್ರಾಮಾಣಿಕ ನೌಕರ" ಅಂದ. ಚಪ್ಪಾಳೆ ಬೇರೆ! ಬೆನ್ನಿನ ಮೇಲೆ ಇಂಜಿನಿಯರನ ಕೈ ಬಿದ್ದ ಜಾಗವನ್ನು ಅವನು ರಾತ್ರಿ ಮೂರು ಸಲ ಸೋಪು ಹಾಕಿ ತಿಕ್ಕಿದ.

ತಿಂಗಳೊಳಗೆ ಫುಟ್‌ಪಾತು ಹೋಯಿತು. ಗಾಡಿಗಳು ಈಗ ಮನೆ ಬಾಗಿಲನ್ನು ಉಜ್ಜಿಕೊಂಡೇ ಹೋಗುತ್ತವೆ. ಅಕ್ಕ ಎರಡು ದಿನ ಹೊಸ್ತಿಲವರೆಗೆ ಹೋಗಿ ವಾಪಸ್ ಬಂದಳು. ಮೂರನೇ ದಿನ ಕೋಲನ್ನು ಬಾಗಿಲ ಸಂದಿಗೆ ಇಟ್ಟುಬಿಟ್ಟಳು.

ಟಿಕ್ಕಣ್ಣ ದರ್ಜಿಯ ಹತ್ತಿರ ಮಾತಾಡಿ ಒಂದು ಗಂಟು ಅಂಗಿ ಹೊತ್ತು ತಂದ. "ಇನ್ಮೇಲೆ ದಿನಾ ನಾನೇ ತಂದ್ಕೊಡ್ತೀನಿ ಅಕ್ಕ. ಕೂತಲ್ಲೇ ಗುಂಡಿ ಹಚ್ಚು. ನಡೆಯೋ ಕಷ್ಟ ತಪ್ತು."

ಅಕ್ಕ ಗಂಟನ್ನು ಬಿಚ್ಚಲೂ ಇಲ್ಲ.

"ಗುಂಡಿ ಹಚ್ಚೋಕೆ ಹೋಗ್ತಿದ್ದೆ ಅಂದ್ಕೊಂಡ್ಯೇನೋ?" ಅಂದಳು. "ಮಂಡಿ ಹೋಗಿದೆ, ಕಣ್ಣೂ ಹೋಗಿದೆ. ನಾನು ಹಚ್ಚಿದ್ದನ್ನ ಆ ದರ್ಜಿ ಮತ್ತೆ ಬಿಚ್ಚಿ ಹಚ್ತಿದ್ದ, ನಂಗೊತ್ತಿರ್ಲಿಲ್ವಾ? ದಾರೀಲಿ ನಾಲ್ಕು ಜನ 'ಏನಕ್ಕ, ಹೊರಟ್ಯಾ' ಅಂತಿದ್ರು. ಅದಕ್ಕೆ ಹೋಗ್ತಿದ್ದೆ ಕಣೋ."