ಪೂಜೆಗೆ ಸಿಗದ ಅರ

ಬಿಲ್ಲು ಕೆತ್ತಿ ಮುಗಿಸುವುದಕ್ಕಿಂತ ಹೆಚ್ಚು ದಿನ ನನ್ನ ಗಂಡನಿಗೆ ಬೇಕಾದದ್ದು, ಅದರ ತುದಿಗಳಲ್ಲಿ ಹೆದೆ ಕೂರುವ ಕಚ್ಚನ್ನು ಯಾವುದರಿಂದ ಕೊಯ್ಯಬೇಕು ಎಂದು ಯೋಚಿಸಲು.

ಮರ ಸಾದಲಿಯ ನಮ್ಮ ತೋಟದ ಹಳೆಯ ಹಿಪ್ಪುನೇರಳೆ. ಹೆದೆಗೆ ರೇಷ್ಮೆ ನೂಲನ್ನು ಹುರಿ ಮಾಡಿಕೊಟ್ಟವಳು ನಾನು. ಬಿಲ್ಲು ಮಗಳಿಗೆ. ವಿಜಯದಶಮಿಯ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಮರದ ಬಿಲ್ಲುಗಳ ಸ್ಪರ್ಧೆಯಿತ್ತು. ವರ್ಷವಿಡೀ ಎರವಲು ಬಿಲ್ಲಿನಲ್ಲಿ ಅಭ್ಯಾಸ ಮಾಡಿದವಳು ಅದಕ್ಕಾಗಿ ಕಾಯುತ್ತಿದ್ದಳು.

ಗರಗಸ ಆಗದು, ಅದರ ಗೀರಿನ ಅಂಚಿಗೆ ರೇಷ್ಮೆ ತುಂಡಾಗುತ್ತದೆ. ಉಜ್ಜಿ ಸವೆಸುವ ಮೂರು ಮೂಲೆಯ ಅರವೂ ಅಷ್ಟೆ. ದುಂಡನೆಯ ಅರವೇ ಬೇಕು ಎಂದು ವಿಡಿಯೊ ನೋಡಿ ನೋಡಿ ತೀರ್ಮಾನಿಸಿದರು. ಎಷ್ಟು ದಪ್ಪದ್ದು? ಚಿಂತಾಮಣಿಯಿಂದ ಮೂರು ತಂದರು, ಕೊರಿಯರ್‌ನಲ್ಲಿ ಒಂದು ತರಿಸಿದರು. ಒಂದನ್ನೂ ಮರಕ್ಕೆ ತಾಗಿಸಲಿಲ್ಲ. ಕೇಳಿದರೆ, "ತಪ್ಪು ಕೊಯ್ದರೆ ಮರ ಮತ್ತೆ ಬೆಳೆಯುತ್ತಾ?" ಎನ್ನುತ್ತಿದ್ದರು.

ಹೀಗೇ ಆಯುಧಪೂಜೆ ಬಂತು. ಅರಗಳು, ಗರಗಸ, ಈಳಿಗೆಮಣೆ, ಮಿಕ್ಸಿ, ಸ್ಕೂಟರು ಎಲ್ಲವನ್ನೂ ತಿಕ್ಕಿ ತೊಳೆದವಳು ನಾನು. ಅತ್ತೆ ಒಂದನ್ನೂ ಬಿಡದೆ ಕುಂಕುಮ ಇಟ್ಟರು. ಮಂಗಳಾರತಿ ಮುಗಿಯುತ್ತಿದ್ದಂತೆ ನನ್ನ ಗಂಡನಿಗೆ ಜ್ಞಾನೋದಯವಾಗಿ, ಒಂದು ಅರಕ್ಕೆ ಕೈ ಹಾಕಿದರು.

"ತಾಕೊದ್ದು," ಎಂದರು ಅತ್ತೆ. ಕೋಪ ಬಂದರೆ ಅವರಿಗೆ ತೆಲುಗು ಬರುತ್ತದೆ. "ಮುಟ್ಟಬೇಡ, ಪೂಜೆಗಿಟ್ಟಿದ್ದು. ನಾಳೆ ಸ್ನಾನ ಮಾಡಿ ನಾನೇ ಎತ್ತಬೇಕು."

ನಾಳೆ ಅವರ ಸ್ನಾನಕ್ಕೆ ಮುಂಚೆ ನಮ್ಮ ಬಸ್ಸು. ಅಕ್ಕಪಕ್ಕದ ಮನೆಗಳಲ್ಲೂ ಆಯುಧಗಳೆಲ್ಲ ಕುಂಕುಮ ಹಚ್ಚಿಕೊಂಡು ಮಲಗಿದ್ದವು. ಮಗಳು ಕಚ್ಚಿಲ್ಲದ ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಗಡ್ಡಕ್ಕೆ ಬೆಂಕಿ ಹತ್ತಿದಾಗ ಬಾವಿ ತೋಡುವವರನ್ನು ಕಟ್ಟಿಕೊಂಡ ನನ್ನ ಮೇಲೇ ನನಗೆ ಸಿಟ್ಟು ಬಂತು.

ಆಗ ಬಚ್ಚಲುಮನೆ ಬಾಗಿಲು ಕಣ್ಣಿಗೆ ಬಿತ್ತು. ಅದರ ಚಿಲಕ ಮುರಿದಾಗ, "ಸದ್ಯಕ್ಕಿರಲಿ" ಎಂದು ಗಂಡ ಒಂದು ಹಳೆಯ ದುಂಡನೆಯ ಅರ ಸಿಗಿಸಿದ್ದರು. ಆ ಸದ್ಯ ಇನ್ನೂ ಮುಗಿದಿರಲಿಲ್ಲ. ಕಿತ್ತು ತಂದೆ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ಕುಂಕುಮವಿರಲಿಲ್ಲ. ವಾಪಸು ಕೊಟ್ಟರು.

ಮೆಟ್ಟಿಲ ಮೇಲೆ ಕೂತು ಉಜ್ಜಿದೆ. ಗಂಡ ಪಕ್ಕದಲ್ಲಿ ನಿಂತು ಕಚ್ಚಿನ ಓರೆ ಎಷ್ಟಿರಬೇಕೆಂದು ಹೇಳುತ್ತಲೇ ಇದ್ದರು. ನನ್ನ ಬೆರಳುಗಳ ಚರ್ಮ ಸುಲಿಯಿತು. ಸಂಜೆಗೆ ಎರಡೂ ಕಚ್ಚುಗಳಲ್ಲಿ ಹೆದೆ ನಯವಾಗಿ ಕೂತಿತು. ಮಗಳು ಕಿವಿಯವರೆಗೆ ಎಳೆದಳು. ರೇಷ್ಮೆ ತಡೆಯಿತು. ನನಗೆ ಅಳುವಷ್ಟು ಖುಷಿಯಾಯಿತು.

ಅವಳು ಬಿಲ್ಲನ್ನು ಗೋಡೆಗೊರಗಿಸಿ, ಕುಂಕುಮದ ಬಟ್ಟಲು ತಂದು, ನನ್ನ ಎರಡೂ ಕೈಗಳಿಗೆ ಬೊಟ್ಟಿಟ್ಟಳು.

"ಅಜ್ಜಿ, ಇವಕ್ಕೆ ಪೂಜೆ ಮಾಡೋದು ಮರ್ತಿದ್ರಿ. ಈಗ ಆಯ್ತು. ಇನ್ನು ನಾಳೆವರೆಗೂ ಕೆಲಸಕ್ಕೆ ಮುಟ್ಟಂಗಿಲ್ಲ."

ರಾತ್ರಿ ಅಡುಗೆ ಇನ್ನೂ ಆಗಿರಲಿಲ್ಲ. ಅತ್ತೆ ನನ್ನ ಕೈಗಳನ್ನು ನೋಡಿದರು, ಸುಲಿದ ಬೆರಳುಗಳನ್ನೂ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಹೋಗಪ್ಪ, ಅನ್ನಕ್ಕಿಡು," ಎಂದರು.

ಗಂಡ ಒಳಗೆ ಹೋದರು. ಬಹಳ ಹೊತ್ತು ಪಾತ್ರೆಗಳನ್ನು ಇಳಿಸಿ ಜೋಡಿಸುವ ಸದ್ದು ಕೇಳಿಸಿತು. ಕೊನೆಗೆ ಬಾಗಿಲಲ್ಲಿ ತಲೆ ಹಾಕಿ ಕೇಳಿದರು:

"ಅನ್ನಕ್ಕೆ ಯಾವ ಪಾತ್ರೆ ಸರಿಹೋಗುತ್ತೆ?"