ನಲವತ್ತು ಸಲಿಕೆ, ಒಂದು ಹೆಸರು

ಹೋದ ವಾರ ಸೋಮವಾರ ಬೆಳಿಗ್ಗೆ ಎಮ್ಮಿಗನೂರಿನ ಕಾಲುವೆ ದಂಡೆಯ ಮೇಲೆ ನಲವತ್ತು ಮಂದಿ ಸಲಿಕೆ ಹಿಡಿದುಕೊಂಡು ಒಂದು ತೂತನ್ನು ನೋಡುತ್ತ ನಿಂತಿದ್ದೆವು.

ತೂತು ಮೊದಲು ಚೆಂಬಿನಷ್ಟಿತ್ತು. ನೋಡನೋಡುತ್ತ ಕೊಡದಷ್ಟಾಯಿತು. ದಂಡೆಯ ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತಿತ್ತು, ನೀರು ಕೆಳಗಿನ ಗದ್ದೆಗೆ ನುಗ್ಗುತ್ತಿತ್ತು. ಕೈಯಲ್ಲಿ ಸಲಿಕೆ ಇದೆ, ಕಾಲ ಕೆಳಗೆ ಮಣ್ಣಿದೆ, ಒಬ್ಬನಾದರೂ ಹಾಕಬೇಕೋ ಬೇಡವೋ? ಹಾಕಲಿಲ್ಲ. ನಿಂತೇ ಇದ್ದೆವು.

ಕಾರಣ ನಾನು. (ಪೂರ್ತಿ ನಾನೇ ಅಲ್ಲ, ಸರ್ಕಾರದ ಪಾಲೂ ಇದೆ. ಆದರೆ ಈ ವಾರದ ಅಂಕಣದಲ್ಲಿ ನನ್ನ ಪಾಲನ್ನು ಮೊದಲು ಹೇಳಿಬಿಡುತ್ತೇನೆ.)

ಕಂಪ್ಲಿಯಲ್ಲಿ ನನ್ನದೊಂದು ಸಣ್ಣ ಅಕ್ಕಿ ಮಿಲ್ಲು, ಎಮ್ಮಿಗನೂರಿನಲ್ಲಿ ಮನೆ ಮತ್ತು ಗದ್ದೆ. ನಮ್ಮೂರಲ್ಲಿ ಅಜ್ಜನ ಅಜ್ಜನ ಕಾಲದಿಂದ ಒಂದು ಪದ್ಧತಿ. ಕಾಲುವೆಗೆ ನೀರು ಬಿಡುವ ಮುಂಚೆ ತಳವಾರ ಡಂಗುರ ಹೊಡೆಯುತ್ತಾನೆ, ಮನೆಗೊಂದಾಳು ಬರ್ರಿ ಅಂತ. ಹಗ್ಗ ಹಿಡಿದು ಕಾಲುವೆಯನ್ನು ಅಳೆದು ಮನೆಗಿಷ್ಟು ಅಂತ ಪಾಲು ಹಾಕುತ್ತಾರೆ. ಅವರವರ ಪಾಲಿನ ಹೂಳನ್ನು ಅವರವರು ತೆಗೆಯಬೇಕು, ದಂಡೆಯ ಇಲಿಬಿಲ ಮುಚ್ಚಬೇಕು. ನೀರು ಹರಿಯುವಾಗಲೂ ಅಷ್ಟೆ, ತೂತು ಯಾರಿಗೆ ಕಂಡರೂ ಅವರೇ ಮುಚ್ಚುತ್ತಿದ್ದರು. ಯಾರನ್ನೂ ಕೇಳುತ್ತಿರಲಿಲ್ಲ.

ನನಗೆ ಇದು ಸರಿ ಕಾಣಲಿಲ್ಲ. ಹೋದ ವರ್ಷ ಚಾವಡಿಯಲ್ಲಿ ಕೂತು ಕೇಳಿಯೇಬಿಟ್ಟೆ. ಭೂಮಿಗೆ ಕಂದಾಯ ಕೊಡುತ್ತೇವೆ. ನೀರಿಗೆ ಬೇರೆ ಕೊಡುತ್ತೇವೆ. ರಸ್ತೆಗೆ ಅಂತ ಸೆಸ್ ಬೇರೆ. ಇಷ್ಟೆಲ್ಲ ಕೊಟ್ಟ ಮೇಲೆ ಮೈಯನ್ನೂ ಬಗ್ಗಿಸಬೇಕೆ? ನಮ್ಮ ದುಡ್ಡು ಹೋಗುವುದಾದರೂ ಎಲ್ಲಿಗೆ, ರಾಜಧಾನಿ ಮದ್ರಾಸಿನಲ್ಲಿ ಬೀದಿದೀಪ ಹಚ್ಚಲಿಕ್ಕೋ? ನನ್ನ ಪಾಲು ನಾನು ಕೊಟ್ಟಾಯಿತು, ಉಳಿದದ್ದು ಅವರ ಕೆಲಸ. ಎಲ್ಲರೂ ತಲೆಯಾಡಿಸಿದರು. (ದುಡಿಮೆ ತಪ್ಪುತ್ತದೆ ಅಂದರೆ ಯಾರು ತಲೆಯಾಡಿಸುವುದಿಲ್ಲ? ನನ್ನ ಪಾಲಿನ ಹೂಳನ್ನು ಪ್ರತಿ ವರ್ಷ ತೆಗೆಯುತ್ತಿದ್ದದ್ದು ಕೂಲಿಯಾಳು ಅನ್ನುವುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.)

ಸರ್ಕಾರಕ್ಕೆ ಇಂಗ್ಲೀಷಿನಲ್ಲಿ ಜೋರಾದ ಒಂದು ಪೆಟಿಷನ್ ಬರೆದೆ. ಮೊದಲ ಸಹಿ ನನ್ನದು, ಕೆಳಗೆ ಸಾಲಾಗಿ ಹೆಬ್ಬೆಟ್ಟು. ಹುಲಿಗೆಮ್ಮ ಮಾತ್ರ ಬೆರಳಿಗೆ ಮಸಿ ಹಚ್ಚಿಕೊಂಡರೂ ಒತ್ತಲಿಲ್ಲ. ಅವಳ ಗಂಡ ಸಂಡೂರಿನ ಗಣಿಯಲ್ಲಿ ಅದಿರಿನ ಗಾಡಿ ಹೊಡೆಯುತ್ತಾನೆ. ದಂಡೆಯ ಕೆಳಗಿನ ಒಂದೂವರೆ ಎಕರೆ ಗದ್ದೆಯನ್ನು ಇವಳೇ ಮಾಡುತ್ತಾಳೆ.

“ನಾವು ಕೈ ಬಿಟ್ಟ್ವಿ ಅಂದ್ರ ಅವರು ಕೈ ಹಾಕ್ತಾರೇನ್ರಿ ಸಾವ್ಕಾರ್ರ?” ಅಂದಳು.

ಹಾಕಲೇಬೇಕು, ಇಲ್ಲದಿದ್ದರೆ ಕಂದಾಯ ಯಾತಕ್ಕೆ ಕೊಡುತ್ತೇವೆ ಅಂದೆ. ಒತ್ತಿದಳು.

ಆರು ತಿಂಗಳಿಗೆ ಜವಾಬು ಬಂತು. ನಾವು ಗೆದ್ದಿದ್ದೆವು. ಕಾಲುವೆ ಸರ್ಕಾರದ್ದು, ರಿಪೇರಿಯೂ ಸರ್ಕಾರದ್ದು. ಚಾವಡಿಯಲ್ಲಿ ನನ್ನ ಖರ್ಚಿನಲ್ಲಿ ಎಲ್ಲರಿಗೂ ಮಂಡಕ್ಕಿ, ಚಹಾ ಆಯಿತು. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಆದ್ದರಿಂದ ಅಪ್ಪಣೆಯಿಲ್ಲದೆ ಯಾರೂ ದಂಡೆಯನ್ನು ಕಡಿಯಬಾರದು, ಅದಕ್ಕೆ ಮಣ್ಣು ಹಾಕಬಾರದು, ಮುಟ್ಟಿದವರ ಮೇಲೆ ಕೇಸು. ಸರಿಯಾಗೇ ಇದೆ ಅಂದುಕೊಂಡೆ. ನನ್ನ ಮಿಲ್ಲಿನ ಎಂಜಿನ್ನನ್ನು ಕಂಡಕಂಡವರು ಮುಟ್ಟಿದರೆ ನಾನು ಬಿಡುತ್ತೇನೆಯೆ?

ಈ ವರ್ಷ ಡಂಗುರ ಇಲ್ಲ, ಹಗ್ಗ ಇಲ್ಲ. ಕೇಳಿದಾಗೆಲ್ಲ ಕಾಲುವೆ ಇಲಾಖೆಯ ಓವರ್‌ಸಿಯರ್ ಸಾಹೇಬರು ಒಂದೇ ಮಾತು ಹೇಳಿದರು, ಎಸ್ಟಿಮೇಟ್ ಹೋಗಿದೆ, ಸ್ಯಾಂಕ್ಷನ್ ಬರಬೇಕು. ಸ್ಯಾಂಕ್ಷನ್‌ಗಿಂತ ಮುಂಚೆ ನೀರು ಬಂತು. ಹೂಳಿನ ಮೇಲೆ ಹರಿದು ದಂಡೆಯ ಮಟ್ಟಕ್ಕೆ ಏರಿತು, ಇಲಿಬಿಲ ಹುಡುಕಿಕೊಂಡಿತು. ಒಡೆದದ್ದು ಸರಿಯಾಗಿ ಹುಲಿಗೆಮ್ಮನ ಗದ್ದೆಯ ಮೇಲೆ. ನಾಟಿ ಹಚ್ಚಿ ಇಪ್ಪತ್ತು ದಿನ ಆಗಿತ್ತು. ಇನ್ನೊಂದು ತಾಸು ಬಿಟ್ಟರೆ ಪೈರೆಲ್ಲ ಮಣ್ಣಿನಡಿ.

ಒಬ್ಬ ಸೈಕಲ್ ಹತ್ತಿ ಓವರ್‌ಸಿಯರರನ್ನು ಕರೆಯಲು ಕಂಪ್ಲಿ ದಾರಿ ಹಿಡಿದಿದ್ದ. ಸಾಹೇಬರು ಹೊಸಪೇಟೆಗೆ ಹೋಗಿದ್ದಾರಂತೆ ಅಂತ ದಾರಿಯಲ್ಲೇ ತಿಳಿದು ವಾಪಸ್ಸು ಬಂದ. ಎಲ್ಲರೂ ನನ್ನ ಮುಖ ನೋಡಿದರು. ಅಪ್ಪಣೆಯಿಲ್ಲದೆ ಮುಟ್ಟಬೇಡಿ, ಅರ್ಜೆಂಟಾಗಿ ಒಂದು ಅರ್ಜಿ ಬರೆಯುತ್ತೇನೆ ಅಂದೆ. ನಿಜ ಹೇಳಲೇ? ನನಗೆ ಹೆದರಿಕೆಯಾಗಿತ್ತು. ಪೆಟಿಷನ್ನಿನಲ್ಲಿ ಮೊದಲ ಹೆಸರು ನನ್ನದು, ಮಿಲ್ಲಿನ ಲೈಸೆನ್ಸು ಬರುವ ತಿಂಗಳೇ ಮುಗಿಯುತ್ತದೆ.

ಹುಲಿಗೆಮ್ಮ ಗದ್ದೆಯಿಂದ ದಂಡೆ ಹತ್ತಿ ಬಂದಳು. ಮೊಣಕಾಲ ತನಕ ಕೆಸರು.

“ಬರೀರಿ ಸಾವ್ಕಾರ್ರ,” ಅಂದಳು. “ನಿಲ್ಲು ಅಂತ ನೀರಿಗೆ ಇಂಗ್ಲೀಷ್‌ನಾಗ ಬರೀರಿ.”

ಸೆರಗನ್ನು ಸೊಂಟಕ್ಕೆ ಬಿಗಿದಳು, ಕಾಲುವೆಗೆ ಇಳಿದಳು, ತೂತಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ನೀರು ಕುತ್ತಿಗೆ ತನಕ ಬಂತು. ಅವಳ ಹಿಂದಿನ ಮಣ್ಣು ಇನ್ನೂ ಜಾರುತ್ತಿತ್ತು, ಅವಳೂ ಅದರ ಜೊತೆ ಒಳಗೆ ಸರಿಯುತ್ತಿದ್ದಳು.

ಮೊದಲ ಸಲಿಕೆ ಯಾರದ್ದೋ ನನಗೆ ಗೊತ್ತಿಲ್ಲ. ಇಬ್ಬರು ಹಾರಿ ಅವಳ ರಟ್ಟೆ ಹಿಡಿದರು, ಉಳಿದವರು ಮಣ್ಣಿಗೆ ಬಿದ್ದರು. ಮಿಲ್ಲಿಗೆ ಹೊರಟು ನಿಂತಿದ್ದ ನನ್ನ ಗಾಡಿಯಿಂದ ಖಾಲಿ ಗೋಣಿಚೀಲ ಹೊತ್ತು ತಂದವನು ನಾನೇ, ಮಣ್ಣು ತುಂಬಿದವನೂ ನಾನೇ. ಎಷ್ಟೋ ವರ್ಷದ ಮೇಲೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಚೀಲಗಳನ್ನು ತೂತಿಗೆ ಒತ್ತಿ ಅವಳನ್ನು ಮೇಲಕ್ಕೆ ಎಳೆದುಕೊಂಡೆವು. ಅರ್ಧ ತಾಸಿಗೆ ನೀರು ನಿಂತಿತು. ಪೈರು ಉಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಮೀಸೆ ತಿರುವಿಕೊಂಡು ಬರೆಯುತ್ತಿದ್ದೆ.

ಮರುದಿನ ಓವರ್‌ಸಿಯರ್ ಬಂದರು, ಪುಸ್ತಕ ತೆಗೆದರು. ದಂಡೆಗೆ ಕೈ ಹಚ್ಚಿದವರು ಯಾರು ಅಂತ ಕೇಳಿದರು. ನಲವತ್ತು ಮಂದಿಯೂ ಅಲ್ಲೇ ಇದ್ದೆವು. ಒಬ್ಬ ಆಕಾಶ ನೋಡಿದ, ಒಬ್ಬ ಎತ್ತಿನ ಕೊರಳು ತುರಿಸಿದ. ನಾನು ಬೊಬ್ಬೆಯೆದ್ದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

“ನಾನ್ರಿ,” ಅಂದಳು ಹುಲಿಗೆಮ್ಮ.

ಇಷ್ಟೂ ಮಣ್ಣು ನೀನೊಬ್ಬಳೇ ಹಾಕಿದೆಯಾ ಅಂತ ಅವರು ನಮ್ಮ ಕಡೆ ನೋಡುತ್ತಲೇ ಕೇಳಿದರು.

“ಹೂನ್ರಿ. ಗದ್ದಿ ನಂದೈತಲ್ರಿ.”

ಅವರು ಒಂದು ಹೆಸರು ಬರೆದುಕೊಂಡು ಹೋದರು.

ಈ ವಾರ ನೋಟೀಸು ಬಂತು, ಇಂಗ್ಲೀಷಿನಲ್ಲಿ. ಓದಿಸಲು ಅವಳು ನನ್ನ ಹತ್ತಿರವೇ ತಂದಳು, ಇನ್ಯಾರ ಹತ್ತಿರ ತರಬೇಕು? ಬರುವ ಸೋಮವಾರ ಕಂಪ್ಲಿಯ ಸರ್ಕಾರಿ ಬಂಗಲೆಯಲ್ಲಿ ವಿಚಾರಣೆ, ಜುಲ್ಮಾನೆ ಆಗಬಹುದು, ಗದ್ದೆಗೆ ನೀರು ನಿಲ್ಲಿಸಲೂಬಹುದು. ಯಾರ‍್ಯಾರ ಹೆಸರು ಐತ್ರಿ ಅಂತ ಕೇಳಿದಳು. ನಿನ್ನದೊಂದೇ ಅಂದೆ. ಅವಳು ಬಯ್ಯಲಿಲ್ಲ. ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪೆಟಿಷನ್ ತಪ್ಪೇ? ಈಗಲೂ ಅಲ್ಲ ಅನ್ನುತ್ತೇನೆ. ಊರೆಲ್ಲ ಸೇರಿ ಕಟ್ಟಿದ ದುಡ್ಡು ಊರಿನ ಕಾಲುವೆಗೆ ಬರಲೇಬೇಕು, ಬರದಿದ್ದರೆ ಮತ್ತೆ ಬರೆಯುತ್ತೇನೆ. ಆದರೆ ಕಂದಾಯದ ರಸೀದಿ ಕೈಗೆ ಬಂದ ಕೂಡಲೇ ನನ್ನ ಸಂಬಂಧ ಮುಗಿಯಿತು ಅಂದುಕೊಂಡೆನಲ್ಲ, ಅದು ತಪ್ಪು. ಕೊಡುವಾಗ ‘ನನ್ನ ದುಡ್ಡು’ ಅಂತ ಕೂಗಿದೆ. ಕೇಳುವಾಗ ‘ನಮ್ಮ ಕಾಲುವೆ’ ಅಂತ ಬರೆದೆ. ಕೇಸು ಬಂದಾಗ ‘ಅವಳ ಗದ್ದೆ’ ಅಂತ ಸುಮ್ಮನಾದೆ. ಇದಕ್ಕೆ ನಾಚಿಕೆಗೇಡು ಅನ್ನದೆ ಇನ್ನೇನನ್ನಬೇಕು?

ಈ ಪತ್ರಿಕೆ ನಿಮ್ಮ ಕೈಗೆ ಬರುವುದು ಶನಿವಾರ. ದಂಡೆಗೆ ಮಣ್ಣು ಹಾಕಿದವರಲ್ಲಿ ನಾನೂ ಒಬ್ಬ, ಅಚ್ಚಿನಲ್ಲಿ ಹೇಳುತ್ತಿದ್ದೇನೆ, ಸಾಹೇಬರು ಬರೆದುಕೊಳ್ಳಲಿ. ಲೈಸೆನ್ಸು ಹೋದರೆ ಹೋಗಲಿ. ಉಳಿದ ಮೂವತ್ತೊಂಬತ್ತು ಹೆಸರನ್ನು ನಾನು ಬರೆಯುವುದಿಲ್ಲ, ಅವರವರ ಬಾಯಿಂದಲೇ ಬರಬೇಕು.

ಸೋಮವಾರ ನನ್ನ ಗಾಡಿಯಲ್ಲಿ ಹುಲಿಗೆಮ್ಮ ಕೂರಲಿ. ನಾವು ನಲವತ್ತು ಮಂದಿಯೂ ನಡೆದೇ ಹೋಗೋಣ. ಕಂಪ್ಲಿ ರಸ್ತೆಗೂ ಸೆಸ್ ಕಟ್ಟಿದವರು ನಾವೇ ಅಲ್ಲವೇ?