ಸಮುದ್ರದ ಬಾಗಿಲ ಚಾಪೆ

"ನನ್ನ ವಂಶದವರ ಕೈ ಆಡುವ ತನಕ ಈ ಬಾಗಿಲಲ್ಲಿ ಯಾವ ಅತಿಥಿಯ ಕಾಲೂ ತೊಡರುವುದಿಲ್ಲ." ಇದ್ರಿಸ್ ಉಸ್ತಾ ಎಂಬ ಚಾಪೆ ಹೆಣೆಯುವವನು ಸುಲ್ತಾನರ ಅರಮನೆಯ ಮೇಲ್ವಿಚಾರಕನ ಮುಂದೆ ತಲೆ ತಗ್ಗಿಸಿ ನಿಂತು ಹೀಗೆ ಮಾತು ಕೊಟ್ಟು ನೂರೈವತ್ತು ವರ್ಷದ ಮೇಲಾಯಿತು.

ಇವತ್ತು ಗುರುವಾರ. ಇಸ್ತಾಂಬುಲ್‌ನ ಏಷ್ಯಾ ದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅದೇ ಅರಮನೆಯ ಅದೇ ಬಾಗಿಲ ಬಳಿ ಇದ್ರಿಸನ ವಂಶದ ಪೆರಿಹಾನ್, ಇಲ್ಲಿನವರಿಗೆಲ್ಲ ಅಬ್ಲಾ ಅಂದರೆ ಅಕ್ಕ, ಮಂಡಿಯೂರಿ ಕೂತಿದ್ದಾರೆ. ತಾವೇ ನಿನ್ನೆ ಹಾಸಿದ ಚಾಪೆಯನ್ನು ಕಿತ್ತು ಸುತ್ತುತ್ತಿದ್ದಾರೆ. ಚಾಪೆ ನಡುವೆ ಉಬ್ಬಿದೆ. ಬೆರಳಿಟ್ಟರೆ ಇನ್ನೂ ಒದ್ದೆ, ತಣ್ಣಗೆ ತಾಗುತ್ತದೆ.

ನೆಲ ಉಜ್ಜುವ ಸತಿಲ್ಮಿಷ್ ಬಕೆಟ್ ಕೆಳಗಿಟ್ಟು ನೋಡುತ್ತಾನೆ. "ಅಬ್ಲಾ, ನಿನ್ನೆ ಪೂರ್ತಿ ಹಾಸಿದ್ದನ್ನ ಇವತ್ತು ಪೂರ್ತಿ ಕೀಳ್ತಿದ್ದೀಯ. ನನ್ನ ಹೆಂಡತಿ ಸ್ವೆಟರ್ ಹೆಣೆದಂಗೇ ಆಯ್ತು."

"ಅವಳ ಸ್ವೆಟರ್ ಮೇಲೆ ರಾಣಿ ನಡೆಯಲ್ಲ ಕಣೋ" ಎನ್ನುತ್ತಾರೆ ಪೆರಿಹಾನ್. ತಲೆ ಎತ್ತುವುದಿಲ್ಲ.

ಶನಿವಾರ ಉತ್ತರದ ದೇಶವೊಂದರ ರಾಜ ರಾಣಿ ಬರುತ್ತಿದ್ದಾರೆ. ಹಿಂದಿನ ಕಾಲದವರ ಹಾಗೆ ದೋಣಿಯಲ್ಲಿ ಬಂದು ಸಮುದ್ರದ ಕಡೆಯ ಬಾಗಿಲಿಂದಲೇ ಒಳಗೆ ಕಾಲಿಡಬೇಕೆಂಬುದು ಅವರ ಆಸೆ. ಚಳಿಗಾಲದ ಬಿರುಗಾಳಿಗೆ ಉಪ್ಪುನೀರು ಒಳನುಗ್ಗಿ ಅಲ್ಲಿನ ಹಳೆಯ ಚಾಪೆ ಕೊಳೆತುಹೋಗಿತ್ತು. ಹೊಸದು ಶುಕ್ರವಾರ ಮಧ್ಯಾಹ್ನದೊಳಗೆ ಒಣಗಿ ಸಪಾಟಾಗಿ ಕೂರದಿದ್ದರೆ ಪ್ಲಾಸ್ಟಿಕ್ ಚಾಪೆ ಹಾಸುವುದು ಖಂಡಿತ. ಅದರ ಸುರುಳಿ ಆಗಲೇ ಗೋಡೆಗೊರಗಿ ನಿಂತಿದೆ.

ಈ ಅರಮನೆಗೆ ಬಂದವರೆಲ್ಲ ಮೇಲೆ ನೋಡುತ್ತಾರೆ: ದೀಪದ ಗೊಂಚಲು, ಬಂಗಾರದ ಚಾವಣಿ. ಕೆಳಗೆ ನೋಡಿದವರಿಗೂ ಕಾಣುವುದು ರತ್ನಗಂಬಳಿ. ಗಂಬಳಿಯ ಅಡಿಯಲ್ಲಿ ನೆಲದ ತೇವ ಕುಡಿಯುತ್ತಾ ಮಲಗಿರುವ ಜೊಂಡಿನ ಚಾಪೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಬರಿಮೈಯಲ್ಲಿ ಹೊರಗೆ ಕಾಣುವುದು ಈ ಬಾಗಿಲ ಬಳಿಯ ಒಂದು ಪಟ್ಟಿಯಲ್ಲಿ ಮಾತ್ರ. ಇದ್ರಿಸ್ ಉಸ್ತಾನ ಕಸುಬು ಮುಗ್ಗರಿಸಿದ್ದೂ ಅಲ್ಲೇ.

ಮನೆಯಲ್ಲಿ ಹೇಳಿಕೊಂಡು ಬಂದ ಕತೆ ಅದು. ಸುಲ್ತಾನರು ಯುರೋಪಿನ ರಾಜಧಾನಿಗಳಿಗೆ ಅತಿಥಿಯಾಗಿ ಹೋಗಿಬಂದ ಮೇಲೆ ಅಲ್ಲಿನವರು ಇಲ್ಲಿಗೆ ಬರಲು ಶುರುಮಾಡಿದರು. ಒಬ್ಬ ರಾಣಿ ಬರುತ್ತಾಳೆಂದು ಇದ್ರಿಸ್ ತನ್ನ ಕೈಲಾದಷ್ಟು ನವಿರಾದ ಚಾಪೆ ಹೆಣೆದ. ಮನೆಯೊಳಗೆ ಯಾರಾದರೂ ಬೂಟು ಹಾಕಿಕೊಂಡು ಬಂದಾರೆಂದು ಅವನಿಗೆ ಹೊಳೆಯಲೇ ಇಲ್ಲ. ರಾಣಿಯ ಬೂಟಿನ ಚೂಪು ಹಿಮ್ಮಡಿ ಚಾಪೆಯಲ್ಲಿ ನಾಟಿತು. ಸುಲ್ತಾನರು ತೋಳು ಹಿಡಿಯದಿದ್ದರೆ ಆಕೆ ಬಿದ್ದೇ ಬಿಡುತ್ತಿದ್ದಳು. ತಿಂಗಳುಗಟ್ಟಲೆ ನಡೆದ ರಾಯಭಾರವೆಲ್ಲ ಒಂದು ಗಳಿಗೆ ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು.

"ಸುಲ್ತಾನರು ಅವರ ಊರನ್ನೆಲ್ಲ ನೋಡ್ಕೊಂಡು ಬಂದಿದ್ರು, ಮಂತ್ರಿಗಳು ನೋಡಿದ್ರು. ಅವರು ಚಪ್ಪಲಿ ಬಿಡಲ್ಲ ಅಂತ ಚಾಪೆಯವನಿಗೆ ಮಾತ್ರ ಯಾರೂ ಹೇಳ್ಲಿಲ್ಲ" ಎಂದು ಪೆರಿಹಾನ್ ನಗುತ್ತಾರೆ. ಈಗಲೂ ವ್ಯತ್ಯಾಸವೇನಿಲ್ಲವಂತೆ. "ಟಿಕೆಟ್ ತಗೊಂಡು ಬರೋರ ಕಾಲಿಗೆ ಪ್ಲಾಸ್ಟಿಕ್ ಚೀಲ ತೊಡಿಸ್ತೀವಿ. ರಾಜರಿಗೆ ತೊಡಿಸೋಕಾಗುತ್ತಾ?"

ಇದ್ರಿಸ್ ಆ ಮಾತು ಕೊಟ್ಟಂದಿನಿಂದ ಈ ಪಟ್ಟಿಗೆ ಬೇರೆಯದೇ ಕಸುಬು. ಜೊಂಡನ್ನು ಎರಡಾಗಿ ಮಡಚಿ, ಸೂಜಿ ತೂರದಷ್ಟು ಬಿಗಿಯಾಗಿ ಹೆಣೆಯಬೇಕು. ಮನೆಯವರು ಇದನ್ನು ಹಿಮ್ಮಡಿ ಹೆಣಿಗೆ ಎನ್ನುತ್ತಾರೆ. ಪೆರಿಹಾನ್‌ಗೆ ಅಪ್ಪ ಕಲಿಸಿದ್ದು. ಅಣ್ಣನಿಗೂ ಕಲಿಸಿದ್ದರು, ಅವನು ಬೆರಳು ನೋವೆಂದು ಹಡಗಿನ ಕೆಲಸಕ್ಕೆ ಹೋದ. ಹಿಂದೆ ಈಜಿಪ್ಟಿನಿಂದ ಬರುತ್ತಿದ್ದ ಜೊಂಡನ್ನು ಈಗ ಪೆರಿಹಾನ್ ತಾವೇ ಪ್ರತಿ ಶರತ್ಕಾಲದಲ್ಲಿ ಕೆರೆಗಿಳಿದು ಕೊಯ್ದು, ಚೆಂಗೆಲ್‌ಕೊಯ್‌ನ ಮನೆಯ ಮಾಳಿಗೆಯಲ್ಲಿ ಒಣಗಿಸುತ್ತಾರೆ. ಪಟ್ಟಿ ಇರುವುದು ಒಂದೇ ಮಾರು, ಇಡೀ ದಿನ ಕೂತರೂ ಅದು ಮುಗಿಯುವುದು ಕಷ್ಟ. ಚಾಪೆ ಹೆಣೆಯುವ ಹುದ್ದೆ ಅರಮನೆಯಲ್ಲಿ ಇಲ್ಲವೇ ಇಲ್ಲ. ಸಂಬಳ ಬರುವುದು ಕಸಗುಡಿಸುವ ಲೆಕ್ಕದಲ್ಲಿ. ಮಂಡಿಚಿಪ್ಪುಗಳು ಎಂದೋ ಸವೆದಿವೆ.

ಈ ಸಲದ ತಪ್ಪು ತಮ್ಮದೇ ಎಂದು ಅವರು ಒಪ್ಪುತ್ತಾರೆ. ಚೆನ್ನಾಗಿ ನೆನೆದ ಜೊಂಡು ಹೇಳಿದ ಹಾಗೆ ಬಾಗುತ್ತದೆ, ಆಮೇಲೆ ಬಡಗಣ ಗಾಳಿಗೆ ಒಣಗುತ್ತದೆ. ಗಾಳಿ ತಿರುಗುತ್ತದೆಂದು ಅವರು ನಂಬಿದ್ದರು. ತಿರುಗಲಿಲ್ಲ. ಊರಿಗೆಲ್ಲ ತಲೆನೋವು ತರುವ ತೇವದ ತೆಂಕಣ ಗಾಳಿ, ಲೋದೋಸ್, ಮೂರು ದಿನದಿಂದ ಬೀಸುತ್ತಲೇ ಇದೆ.

ಹೊತ್ತೇರುವಾಗ ಅರಮನೆಯ ಅಧಿಕಾರಿ ತುರಾನ್ ಬೇ, ಅಂದರೆ ತುರಾನ್ ಸಾಹೇಬರು, ಬರುತ್ತಾರೆ. ಕೆಟ್ಟ ಮನುಷ್ಯರಲ್ಲ. ಕೈಯಲ್ಲಿ ಪೆರಿಹಾನ್‌ಗೆಂದೇ ತಂದ ಸಿಮಿತ್ ಎಂಬ ಎಳ್ಳಿನ ಬಳೆರೊಟ್ಟಿ ಇದೆ. ಕಿತ್ತ ಚಾಪೆಯನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. "ಪೆರಿಹಾನ್ ಹಾನಿಮ್, ಇದೊಂದು ಸಲ ಬಿಟ್ಬಿಡಿ. ಆ ರಾಣಿ ಎಡವಿದ್ರೆ ಜಗತ್ತೆಲ್ಲ ನೋಡುತ್ತೆ."

"ಪ್ಲಾಸ್ಟಿಕ್ ಜಾರುತ್ತೆ ಬೇ. ನಾಳೆ ಮಧ್ಯಾಹ್ನದ ತನಕ ಅಂದ್ರಿ, ಅಲ್ಲೀತನಕ ಈ ಬಾಗಿಲು ನಂದು."

ನೆನೆಸಿದರೆ ಒಣಗಲು ಹೊತ್ತಿಲ್ಲ, ಪೆರಿಹಾನ್ ಒಣ ಜೊಂಡನ್ನೇ ಹಿಡಿಯುತ್ತಾರೆ. ಒದ್ದೆ ಬಟ್ಟೆಯಿಂದ ಒಮ್ಮೆ ಸವರಿದ್ದಷ್ಟೇ. ಬಾಗಲೊಲ್ಲದ ಜೊಂಡು ಅಂಚಿನಲ್ಲಿ ಸೀಳಿ ಬೆರಳು ಕೊಯ್ಯುತ್ತದೆ. ಬಟ್ಟೆಯ ಚಿಂದಿ ಸುತ್ತಿಕೊಂಡು ರಾತ್ರಿಯೂ ಹೆಣೆಯುತ್ತಾರೆ. ಚಿಂದಿ ಕೆಂಪಾದರೆ ಬದಲಾಯಿಸುತ್ತಾರೆ, ಚಾಪೆಗೆ ಕಲೆ ತಾಗಬಾರದು. ಸತಿಲ್ಮಿಷ್ ತನ್ನ ಬಕೆಟ್ ಮರೆತು ಜೊಂಡು ಸವರಿ ಕೊಡುತ್ತಾನೆ. ಈಗ ಅವನ ಬಾಯಲ್ಲಿ ತಮಾಷೆಯಿಲ್ಲ.

ಶುಕ್ರವಾರ ಮಧ್ಯಾಹ್ನ ಮಸೀದಿಯ ಕರೆ ಕೇಳುವಾಗ ತುರಾನ್ ಬೇ ಪಟ್ಟಿಯ ಮೇಲೆ ಬೂಟಿನಲ್ಲಿ ನಡೆದು, ಹಿಮ್ಮಡಿ ಊರಿ, ತಿರುಗಿ ನೋಡುತ್ತಾರೆ. ಪ್ಲಾಸ್ಟಿಕ್ ಸುರುಳಿಯನ್ನು ತಾವೇ ಹೆಗಲಿಗೇರಿಸಿಕೊಂಡು ಉಗ್ರಾಣದ ಕಡೆ ಹೋಗುತ್ತಾರೆ.

ಶನಿವಾರ ಪೆರಿಹಾನ್‌ಗೆ ಸಭಾಂಗಣದಲ್ಲಿ ಜಾಗವಿಲ್ಲ. ಅಡುಗೆಮನೆಯ ಹಿಂದೆ ಬ್ಯಾಂಡೇಜ್ ಸುತ್ತಿದ ಬೆರಳುಗಳ ನಡುವೆ ಚಹಾದ ಲೋಟ ಹಿಡಿದು ಕೂತಿದ್ದಾರೆ. ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದ ಸತಿಲ್ಮಿಷ್ ಓಡಿ ಬರುತ್ತಾನೆ. ರಾಣಿಯ ಹಿಮ್ಮಡಿ ಮೊಳೆ ಥರ ಇತ್ತೆಂದು ಬೆರಳು ಚೂಪು ಮಾಡಿ ತೋರಿಸುತ್ತಾನೆ.

"ಕೆಳಗೆ ನೋಡಿದ್ಲಾ?"

"ಇಲ್ಲ ಅಬ್ಲಾ. ಗೊಂಚಲು ನೋಡ್ತಾನೇ ಒಳಗೆ ಹೋದ್ಲು."

ಪೆರಿಹಾನ್ ಚಹಾ ಮುಗಿಸುತ್ತಾರೆ. ಬಾಗಿಲಲ್ಲಿ ಯಾವ ಅತಿಥಿಯ ಕಾಲೂ ತೊಡರಲಿಲ್ಲ.